ಲೆಫ್ಟ್ ಅಂದರು ನರ್ಸಮ್ಮ

ಸಿಲೋನಿನಿಂದ ಬಂದ ಮೇಲೆ ಸಿಕ್ಕವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ಏನೇನ್ ನೋಡ್ಕಂಡ್ ಬಂದ್ರಿ ಮೇಷ್ಟ್ರೆ?” ಮಳವಳ್ಳಿಯ ಬಸ್ಸಿನಲ್ಲಿ ಕೇಳುತ್ತಾರೆ, ಕಿರುಗಾವಲಿನ ಅಂಗಡಿ ಮುಂದೆ ಕೇಳುತ್ತಾರೆ, ನಮ್ಮ ಪೂರಿಗಾಲಿಯಲ್ಲಂತೂ ಉಳುವ ಎತ್ತು ನಿಲ್ಲಿಸಿ ಕೇಳುತ್ತಾರೆ. ನಾನು ಕಡಲಿನ ಸಂಗತಿ ಹೇಳುತ್ತೇನೆ. ಆನೆಗಳು ಹೊಳೆಯಲ್ಲಿ ಎಮ್ಮೆಗಳಂತೆ ಮಲಗಿ ಮೈ ತಿಕ್ಕಿಸಿಕೊಳ್ಳುವುದನ್ನು ಹೇಳುತ್ತೇನೆ. ಅಲ್ಲಿನ ಕೆಲವು ಮುದುಕರು ತಲೆಗೂದಲನ್ನು ಗಂಟು ಹಾಕಿ ಬಾಚಣಿಗೆ ಸಿಕ್ಕಿಸಿಕೊಂಡು ಓಡಾಡುವುದನ್ನು ಹೇಳುತ್ತೇನೆ. ಅವರಿಗೆ ಅಷ್ಟು ಸಾಕು, ನಗುತ್ತಾ ಹೋಗುತ್ತಾರೆ.

ಆದರೆ ಆ ಪ್ರವಾಸ ಎಂದರೆ ನನಗೆ ಮೊದಲು ನೆನಪಾಗುವುದು ಕಡಲೂ ಅಲ್ಲ, ಆನೆಯೂ ಅಲ್ಲ. ನಾನು ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದ ಒಂದು ಪುಟ್ಟ ಇಂಗ್ಲಿಷ್ ಮಾತು. ಒಂದು ಹಗಲೆಲ್ಲ ಅದು ನನ್ನ ಜೀವ ಹಿಂಡಿತು. ಈಗ ಎಲ್ಲರೂ ಕ್ಷೇಮವಾಗಿದ್ದಾರೆ, ಹಾಗಾಗಿ ಸಮಾಧಾನದಿಂದ ಬರೆಯಬಹುದು.

ಪೂರಿಗಾಲಿಯಿಂದ ಮದ್ದೂರಿಗೆ

ಯುದ್ಧ ಮುಗಿದ ಮರುವರ್ಷದ ಬೇಸಿಗೆ ರಜೆ. ನನ್ನ ತಂಗಿ ನಿಂಗಮ್ಮ ಸಿಲೋನಿನಲ್ಲಿದ್ದಳು. ಅವಳ ಗಂಡ ಬೋರೇಗೌಡ ಮೊದಲು ನಮ್ಮ ಶಿವನಸಮುದ್ರದ ಕರೆಂಟು ಮನೆಯಲ್ಲಿ ಮೆಕ್ಯಾನಿಕ್ ಆಗಿದ್ದ. ಸಿಲೋನಿನ ಬೆಟ್ಟದ ಮೇಲೆ ಒಂದು ಟೀ ತೋಟದವರು ಹಳ್ಳದ ನೀರು ತಿರುಗಿಸಿ ತಮ್ಮ ಕಾರ್ಖಾನೆಗೆ ತಾವೇ ಕರೆಂಟು ಮಾಡಿಕೊಳ್ಳುತ್ತಿದ್ದರು. ಆ ಸಣ್ಣ ಯಂತ್ರ ನೋಡಿಕೊಳ್ಳಲು ತಿಳಿದವನು ಬೇಕು ಎಂದು ಗೊತ್ತಾಗಿ ಅವನು ಅಲ್ಲಿಗೆ ಹೋದ. ಮದುವೆಯಾದ ಮೇಲೆ ಇವಳನ್ನೂ ಕರೆದುಕೊಂಡು ಹೋದ.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ನಿಂಗಮ್ಮ ಬರುವುದೆಂದೇ ಅವ್ವ ನಡುಮನೆಗೆ ಸುಣ್ಣ ಬಳಿಸಿದ್ದಳು. ಆದರೆ ಬೋರೇಗೌಡನ ಕಾಗದ ಬಂತು. ಹೊಟ್ಟೆ ತುಂಬ ದೊಡ್ಡದಾಗಿದೆ, ರೈಲು ಹಡಗು ಹತ್ತಿಸಬೇಡಿ ಎಂದು ಡಾಕ್ಟರು ಹೇಳಿದ್ದಾರೆ, ಬೆಟ್ಟದ ಕೆಳಗಿನ ಊರಿನ ಆಸ್ಪತ್ರೆಗೆ ಸೇರಿಸುತ್ತೇನೆ, ಅತ್ತೆಯವರನ್ನು ಕರೆದುಕೊಂಡು ನೇರ ಅಲ್ಲಿಗೇ ಬನ್ನಿ ಎಂದು ಬರೆದಿದ್ದ.

ಅವ್ವ ಹೊಲದ ಬದುವಿನಿಂದಾಚೆ ನೋಡಿದ ದೂರದ ಊರೆಂದರೆ ಮೈಸೂರು. ಆದರೂ ಕಾಗದ ಓದಿ ಮುಗಿಸುವ ಮೊದಲೇ ಎದ್ದು ನಿಂತಳು.

“ಅವ್ಳು ಬರಾಕಾಗ್ದಿದ್ರೆ ನಾನೇ ಓಯ್ತೀನಿ ಬುಡು. ಯಾವ ಊರಾದ್ರೇನ್ಲಾ, ಹೆರೋದು ಎಲ್ಲಾ ಕಡೇನೂ ಒಂದೇಯ.”

ಅಪ್ಪ ಬೇಸಾಯ ಬಿಟ್ಟು ಬರುವ ಹಾಗಿರಲಿಲ್ಲ. ಮಳವಳ್ಳಿ ಮಿಡ್ಲಿಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಮಗ ನಾನು. ಭಾಷೆ ಬರುತ್ತದೆ ಎಂಬ ಧೈರ್ಯ ಮನೆಯವರಿಗೆ. ನನಗೂ ಇತ್ತು, ಸುಳ್ಳು ಯಾಕೆ? ಅವ್ವ ಒಂದು ಗೋಣಿಚೀಲದಲ್ಲಿ ರಾಗಿ ಹಿಟ್ಟು, ಓಮ, ಮೆಣಸು, ಬೆಳ್ಳುಳ್ಳಿ, ಹರಳೆಣ್ಣೆ, ತೊಳೆದು ತೊಳೆದು ಮೆತ್ತಗಾದ ಹಳೆಯ ಸೀರೆಯ ತುಂಡುಗಳು, ಎಲ್ಲ ತುಂಬಿದಳು. ಮದ್ದೂರಿನವರೆಗೆ ಪೆಟ್ರೋಲಿನ ಬದಲು ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು. ಏರು ಬಂದಲ್ಲೆಲ್ಲ ಅದು ನಿಂತುಬಿಡುತ್ತಿತ್ತು, ಗಂಡಸರು ಇಳಿದು ತಳ್ಳುತ್ತಿದ್ದೆವು. ಅವ್ವ ಒಳಗಿನಿಂದಲೇ, “ಇಂಗೇ ಸಿಲೋನ್‌ಗಂಟಾ ತಳ್ಬೇಕೇನ್ಲಾ ಮಗ?” ಎಂದು ಕೇಳಿದ್ದಕ್ಕೆ ಬಸ್ಸೆಲ್ಲ ನಕ್ಕಿತು.

ತಿರುಚಿ

ಬೆಂಗಳೂರಿನಲ್ಲಿ ರೈಲು ಬದಲಾಯಿಸಿ, ಮತ್ತೆಲ್ಲೋ ಬದಲಾಯಿಸಿ, ತಿರುಚಿಗೆ ಬಂದಾಗ ಇಬ್ಬರ ಮೈಯೂ ಮಸಿ. ಮುಂದಿನ ರೈಲು ಸಂಜೆಗೆ. ಗೋಣಿಚೀಲ ಹೊತ್ತುಕೊಂಡು ಊರು ಸುತ್ತುವುದು ಹೇಗೆ ಎಂದು ನೋಡುವಾಗ ಗೋಡೆಯ ಮೇಲೆ ಬೋರ್ಡು ಕಾಣಿಸಿತು: ಲೆಫ್ಟ್ ಲಗೇಜ್.

“ಅಲ್ಲಿಡಬಹುದು ಕಣವ್ವ,” ಎಂದು ಓದಿ ಹೇಳಿದೆ.

“ಲೆಪ್ಟು ಅಂದ್ರೆ ಎಡ ಅಲ್ವಾ? ಮಿಲ್ಟ್ರಿ ಐಕ್ಳು ಲೆಪ್ಟು ರೈಟು ಅಂತಾ ನಡೀತಿದ್ರಲ್ಲ.”

ನನಗೆ ಪಾಠ ಮಾಡುವ ಹುರುಪು ಬಂತು. ಎಡ ಎಂದೂ ಹೌದು, ಬಿಟ್ಟದ್ದು ಎಂದೂ ಹೌದು, ಇದು ಬಿಟ್ಟುಹೋಗುವ ಸಾಮಾನು ಇಡುವ ಕೋಣೆ ಎಂದೆ. ಯಾರಾದರೂ ಹೊರಟುಹೋದರೂ ಲೆಫ್ಟ್, ತಟ್ಟೆಯಲ್ಲಿ ಅನ್ನ ಮಿಕ್ಕರೂ ಲೆಫ್ಟ್ ಎಂದೆ. ನನ್ನ ತರಗತಿಯಲ್ಲಿ ಒಬ್ಬ ‘ಗೋವಿಂದ ಲೆಫ್ಟ್ ಮೈಸೂರ್’ ಎನ್ನುವುದನ್ನು ‘ಗೋವಿಂದ ಎಡ ಮೈಸೂರು’ ಎಂದು ಬರೆದಿದ್ದ ಕತೆಯನ್ನೂ ಹೇಳಿ ನಗಿಸಲು ನೋಡಿದೆ. ಅವ್ವ ನಗಲಿಲ್ಲ.

“ಓದೋನ್ಗೂ ಅದೇ, ಉಳ್ದೋನ್ಗೂ ಅದೇನಾ? ಇಂಗಂದ್ರೆ ಆ ಜನ ಎಂಗ್ ಬದುಕ್ತಾರ್ಲಾ?”

“ಓದೋನಲ್ಲ ಕಣವ್ವ, ಹೋದೋನು,” ಎಂದು ತಿದ್ದಿದೆ. ಅವ್ವ ನನ್ನನ್ನು ಒಮ್ಮೆ ನೋಡಿ, ಚೀಲವನ್ನು ಆ ಕೋಣೆಗೆ ಕೊಡದೆ ತಾನೇ ತೊಡೆಯ ಮೇಲೆ ಇಟ್ಟುಕೊಂಡು ಸಂಜೆಯವರೆಗೂ ಅಲ್ಲೇ ಕುಳಿತಳು. ತಿರುಚಿಯ ಹೆಸರಾದ ಬಂಡೆಕೋಟೆಯನ್ನು ನಾವಿಬ್ಬರೂ ಪ್ಲಾಟ್‌ಫಾರಮ್ಮಿನಿಂದಲೇ ನೋಡಿದೆವು.

ಮಂಡಪಂ

ಕಡಲು ದಾಟುವ ಮೊದಲು ಮಂಡಪಂ ಎಂಬಲ್ಲಿ ಎಲ್ಲರನ್ನೂ ಇಳಿಸಿಕೊಂಡು ಕಾಯಿಲೆ ಕಸಾಲೆ ಇದೆಯೇ ಎಂದು ನೋಡುತ್ತಾರೆ. ಮೊದಲನೆ ದರ್ಜೆಯವರು ಮಾತಾಡಿಕೊಂಡು ಹೋಗಿಬಿಡುತ್ತಾರೆ. ನಮ್ಮಂಥ ಮೂರನೆ ದರ್ಜೆಯವರನ್ನು ಉದ್ದನೆಯ ಷೆಡ್ಡುಗಳಲ್ಲಿ ಇರಿಸಿಕೊಳ್ಳುತ್ತಾರೆ. ಒಂದು ದಿನದ ಕೆಲಸ ಎಂದು ತಿಳಿದಿದ್ದೆ. ನನಗೆ ಧೂಳಿಗೆ ಬಂದಿದ್ದ ಕೆಮ್ಮು ಡಾಕ್ಟರಿಗೆ ಹಿಡಿಸಲಿಲ್ಲ. ಇರಿ ಎಂದರು. ಮರುದಿನವೂ ಇರಿ ಎಂದರು.

ಅವ್ವ ಮೊದಲು ನನ್ನ ಮೇಲೆ ರೇಗಿದಳು, ಆಮೇಲೆ ಕೆಮ್ಮಿಗೆ ಓಮದ ಕಷಾಯ ಮಾಡಿದಳು. ಷೆಡ್ಡಿನಲ್ಲಿದ್ದ ತಮಿಳು ಹೆಂಗಸರ ಜೊತೆ ಅವಳಿಗೆ ಬೇಗ ಬಳಕೆಯಾಯಿತು. ಅವರು ತಮಿಳಿನಲ್ಲಿ ಕೇಳುವರು, ಇವಳು ಕನ್ನಡದಲ್ಲಿ ಹೇಳುವಳು. ಕಡಲಿನ ಮರಳು ಊಟದ ತಟ್ಟೆಗೂ ಬರುತ್ತಿತ್ತು. ಸಂಜೆ ತಂತಿಬೇಲಿಯ ಹತ್ತಿರ ನಿಂತು ಅವ್ವ ನೀರನ್ನೇ ನೋಡುತ್ತಿದ್ದಳು.

“ಅವ್ಳಿಗೆ ಇಷ್ಟೊತ್ಗೆ ನೋವು ಬಂದಿದ್ರೆ ಯಾರಿದ್ದಾರ್ಲಾ ಪಕ್ಕದಲ್ಲಿ?” ಎಂದು ಒಂದು ಸಲ ಕೇಳಿದಳು. ನಾನು ಕೆಮ್ಮು ತಡೆಯುವುದರಲ್ಲಿದ್ದೆ.

ಕೊನೆಗೆ ಬಿಟ್ಟರು. ಬಿಟ್ಟ ಕೂಡಲೆ ಕೆಮ್ಮೂ ನಿಂತಿತು.

ತಲೈಮನ್ನಾರ್

ಧನುಷ್ಕೋಟಿಯಿಂದ ತಲೈಮನ್ನಾರಿಗೆ ಹಡಗು. ಭೂಗೋಳದ ಪಾಠದಲ್ಲಿ ನಕ್ಷೆ ಬಿಡಿಸುವಾಗ ಆ ನೀರನ್ನು ನಾನು ಬೆರಳಿನಷ್ಟು ಅಗಲ ಬರೆಯುತ್ತಿದ್ದೆ. ಆ ಬೆರಳಗಲ ದಾಟುವುದರೊಳಗೆ ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ ಬಂತು. ಅವ್ವನಿಗೆ ಏನೂ ಆಗಲಿಲ್ಲ. ನನ್ನ ಬೆನ್ನು ನೀವುತ್ತಾ, ಪಕ್ಕದವರು ಕೊಟ್ಟ ಹುರಿಗಡಲೆ ತಿನ್ನುತ್ತಾ ಕೂತಿದ್ದಳು.

ಇಳಿದ ಮೇಲೆ ಸುಂಕದವರು. ಯುದ್ಧ ಮುಗಿದಿದ್ದರೂ ಊಟದ ಕೊರತೆ ಮುಗಿದಿರಲಿಲ್ಲ, ಧಾನ್ಯ ಅತ್ತಿತ್ತ ಸಾಗಿಸುವವರ ಮೇಲೆ ಅವರಿಗೆ ಕಣ್ಣು. ಒಬ್ಬ ಅಧಿಕಾರಿ ನಮ್ಮ ಗೋಣಿಚೀಲ ಬಿಚ್ಚಿಸಿ, ಆ ಕಂದು ಹಿಟ್ಟನ್ನು ಕಂಡು, ಇದೇನು ಎಂದು ಗದರಿದ. ರಾಗಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ. ಪೌಡರ್ ಎಂದೆ. ಪೌಡರ್ ಎಂದರೆ ಕೋವಿಮದ್ದೂ ಆಗುತ್ತದೆ ಎಂಬುದು ಅವನ ಮುಖ ನೋಡಿದ ಮೇಲೆ ನೆನಪಾಯಿತು. ಅವ್ವ ಮುಂದೆ ಬಂದು ಚಿಟಿಕೆ ಹಿಟ್ಟು ಬಾಯಿಗೆ ಹಾಕಿಕೊಂಡು, “ಉಣ್ಣೋದು ಕಣಪ್ಪ, ಬಾಣಂತಿಗೆ,” ಎಂದು ಹೊಟ್ಟೆ ಮುಟ್ಟಿ ತೋರಿಸಿದಳು. ಅಧಿಕಾರಿ ತಾನೂ ಬೆರಳು ಅದ್ದಿ ಮೂಸಿದ. ಅವನ ಮುಖ ಅರಳಿತು. “ಕುರಕ್ಕನ್!” ಅಂದ. ಅವರ ಹಳ್ಳಿಗಳಲ್ಲೂ ಅದೇ ಊಟವಂತೆ. ಚೀಲದ ಬಾಯಿಯನ್ನು ತಾನೇ ಕಟ್ಟಿಕೊಟ್ಟ. ಆ ದ್ವೀಪದ ಮಾತಿನಲ್ಲಿ ಅವ್ವ ಕಲಿತ ಮೊದಲ ಪದ ಅದು. ಮುಂದೆ ರೈಲಿನಲ್ಲಿ ಸಿಕ್ಕವರಿಗೆಲ್ಲ ಚೀಲ ತಟ್ಟಿ “ಕುರಕ್ಕನು” ಎನ್ನುತ್ತಿದ್ದಳು. ಅವರೆಲ್ಲ ಜಾಗ ಬಿಟ್ಟುಕೊಡುತ್ತಿದ್ದರು.

ಆಸ್ಪತ್ರೆಯ ಊರು

ರೈಲು ಗಂಪೊಲ ಎಂಬ ಪಟ್ಟಣ ದಾಟಿದ ಮೇಲೆ ಬೆಟ್ಟದ ಬುಡದಲ್ಲಿ ಒಂದು ಸಣ್ಣ ಊರು. ಸ್ಟೇಷನ್ನಿನಿಂದ ಆಸ್ಪತ್ರೆ ಹತ್ತಿರವೇ ಇತ್ತು. ಹೆಂಚಿನ ಉದ್ದ ಕಟ್ಟಡ, ಸುತ್ತ ಜಗಲಿ, ಜಗಲಿ ತುಂಬ ಜನ. ಅವ್ವನನ್ನು ಒಂದು ಬೆಂಚಿನ ಮೇಲೆ ಕೂರಿಸಿ ನಾನು ಒಳಗೆ ಹೋದೆ.

ಮೇಜಿನ ಹಿಂದೆ ಬಿಳಿ ಟೋಪಿಯ ನರ್ಸಮ್ಮ ಏನೋ ಬರೆಯುತ್ತಿದ್ದರು. ಮಿಸೆಸ್ ಗೌಡ ಎಂದು ಕೇಳಿ ಎಂದು ಬೋರೇಗೌಡ ಬರೆದಿದ್ದ. ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ವಾಕ್ಯವನ್ನು ಒಪ್ಪಿಸಿದೆ: ನಾನು ಮಿಸೆಸ್ ಗೌಡ ಅವರ ಅಣ್ಣ, ಇಂಡಿಯಾದಿಂದ ಬಂದಿದ್ದೇನೆ.

ನರ್ಸಮ್ಮ ತಲೆಯೆತ್ತಿದರು. “ಓ, ಮಿಸೆಸ್ ಗೌಡ! ಶೀ ಲೆಫ್ಟ್ ಅಸ್ ಆನ್ ಫ್ರೈಡೇ,” ಅಂದರು.

ಶುಕ್ರವಾರ ನಮ್ಮನ್ನು ಬಿಟ್ಟು ಹೋದಳು. ನಮ್ಮ ಹಳೆಯ ಹೆಡ್‌ಮಾಸ್ಟರು ತೀರಿಕೊಂಡಾಗ ಶಾಲೆಯ ಸಭೆಯಲ್ಲಿ ‘ಹೀ ಹ್ಯಾಸ್ ಲೆಫ್ಟ್ ಅಸ್’ ಎಂದು ಬರೆದು ಓದಿದವನು ನಾನೇ. ಸತ್ತವರ ಮನೆ ಮುಂದೆ ನಮ್ಮೂರಿನ ಹೆಂಗಸರು ಎದೆ ಬಡಿದುಕೊಂಡು ಹೇಳುವುದೂ ಅದನ್ನೇ, ‘ನಮ್ಮನ್ನೆಲ್ಲ ಬುಟ್ಟು ಹೋದ್ಯಲ್ಲವ್ವಾ’ ಎಂದು. ನನಗೆ ಆ ಮಾತಿಗೆ ಬೇರೆ ಅರ್ಥ ಇದೆ ಎಂಬುದೇ ಮರೆತುಹೋಯಿತು. ಮಂಡಪಂನ ಷೆಡ್ಡಿನಲ್ಲಿ ಕೂತು ಕೆಮ್ಮುತ್ತಿದ್ದ ಆ ಶುಕ್ರವಾರ ಒಂದೇ ಕಣ್ಣಮುಂದೆ ನಿಂತಿತು.

“ಬೇಬಿ?” ಅಂದೆ.

“ಬೇಬಿ ಲೆಫ್ಟ್ ವಿತ್ ಹರ್.”

ಅದೂ ಅವಳ ಜೊತೆಯಲ್ಲೇ ಹೋಯಿತು.

ನರ್ಸಮ್ಮ ಗಡಿಬಿಡಿಯಲ್ಲಿದ್ದರು. ಒಂದು ಕೈಯಲ್ಲಿ ಲೇಖನಿ, ಇನ್ನೊಂದು ಕೈಯಲ್ಲಿ ಔಷಧದ ಸೀಸೆ. ನನ್ನ ಮುಖ ಸರಿಯಾಗಿ ನೋಡಲೂ ಇಲ್ಲ. “ಒನ್ ಈಸ್ ಲೆಫ್ಟ್ ಹಿಯರ್. ವಿಲ್ ಯೂ ಟೇಕ್ ಇಟ್ ನೌ?” ಎಂದು ಕೇಳಿದರು.

ಒಂದು ಇಲ್ಲಿ ಉಳಿದಿದೆ. ಅದನ್ನು ಈಗ ತೆಗೆದುಕೊಂಡು ಹೋಗುತ್ತೀರಾ? ಜೀವವಿಲ್ಲದ ವಸ್ತುವಿಗೆ ‘ಇಟ್’ ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ. ನಿಂಗಮ್ಮನ ಬಟ್ಟೆಯ ಗಂಟು ಇರಬೇಕು ಅಂದುಕೊಂಡೆ. ಮದುವೆಯಲ್ಲಿ ಉಟ್ಟಿದ್ದ ಸೀರೆಯೋ, ಕೈಬಳೆಯೋ. ಆ ಗಂಟನ್ನು ಹಿಡಿದುಕೊಂಡು ಅವ್ವನ ಮುಂದೆ ಹೋಗಿ ನಿಲ್ಲುವುದು ನನ್ನಿಂದ ಆಗುವ ಕೆಲಸವಲ್ಲ.

“ನಾಟ್ ನೌ,” ಎಂದೆ.

ನರ್ಸಮ್ಮ ಹುಬ್ಬು ಗಂಟಿಕ್ಕಿ ಏನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು, ನರ್ಸಮ್ಮ ಎದ್ದು ಓಡಿದರು. ನಾನು ಹೊರಗೆ ಬಂದೆ.

ಅವ್ವ ಬೆಂಚಿನ ತುದಿಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದಳು. “ಏನಂದ್ರು?”

ಹೇಗೆ ಹೇಳಬೇಕೆಂದು ಯೋಚಿಸುವ ಶಕ್ತಿ ಇರಲಿಲ್ಲ. ಬಾಯಿಗೆ ಬಂದದ್ದು ಬಂತು. “ಹೋದ್ಲಂತೆ ಕಣವ್ವ.”

“ಮನೇಗಾ?” ಎಂದು ಅವ್ವ ಎದ್ದೇ ಬಿಟ್ಟಳು. “ಅಯ್ಯೋ ಸಿವನೆ, ಇಷ್ಟು ಬೇಗ್ನೆ ಕಳಿಸ್‌ಬುಟ್ರಾ? ಹಸೀ ಬಾಣಂತಿ ಕಣ್ಲಾ! ಮಗ?”

“ಅದೂ ಹೋಯ್ತಂತೆ.”

“ಇನ್ನೇನು, ಮಗೀನ ಬುಟ್ಟು ಅವ್ಳೆಲ್ಲಿ ಹೋದಾಳು? ಒಳ್ಳೇದೇ ಆಯ್ತು ಬುಡು, ಸುಸೂತ್ರವಾಗಿ ಆಗಿರೋದ್ಕೇ ಕಳಿಸವ್ರೆ. ನಡಿ, ನಡಿ, ಬಸ್ಸೆಲ್ಲಿ ಸಿಕ್ತದೆ ಕೇಳು.”

ಚೀಲವನ್ನು ತಾನೇ ಹೊತ್ತು ಮೆಟ್ಟಿಲಿಳಿದಳು. ನಾನು ಅವಳ ಹಿಂದೆ ನಡೆದೆ. ಹೋದಳು ಎಂದು ಕನ್ನಡದಲ್ಲೇ ಹೇಳಿದ್ದೆ. ಆ ಮಾತನ್ನು ಅವಳು ಹಿಡಿದುಕೊಂಡ ಕಡೆಯಿಂದ ಬಿಡಿಸುವ ಧೈರ್ಯ ನನಗೆ ಬರಲಿಲ್ಲ.

ಬೆಟ್ಟದ ದಾರಿ

ಬಸ್ಸು ಸುತ್ತಿ ಸುತ್ತಿ ಏರುತ್ತಿತ್ತು. ಎರಡೂ ಕಡೆ ಟೀ ಗಿಡ. ದೂರದಿಂದ ನಮ್ಮ ಕಡೆಯ ಹಿಪ್ಪುನೇರಳೆ ತೋಟದ ಹಾಗೇ ಕಾಣುತ್ತದೆ, ಆದರೆ ತಲೆ ಮಟ್ಟಸವಾಗಿ ಕತ್ತರಿಸಿ ಬೆಟ್ಟಕ್ಕೇ ಕಂಬಳಿ ಹೊದಿಸಿದಂತೆ ಬೆಳೆಸಿದ್ದಾರೆ. ಹೆಂಗಸರು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಎರಡೂ ಕೈಯಲ್ಲಿ ಚಿಗುರು ಕೀಳುತ್ತಿದ್ದರು. ಇದನ್ನೆಲ್ಲ ನಾನು ಆಮೇಲೆ ಇದೇ ದಾರಿಯಲ್ಲಿ ಇನ್ನೊಂದು ಸಲ ಹೋದಾಗ ನೋಡಿದ್ದು. ಅವತ್ತು ಎಲ್ಲ ಬರೀ ಹಸಿರು ಮಂಜು.

ಅವ್ವನಿಗೆ ಬಾಯಿ ನಿಲ್ಲಲಿಲ್ಲ. ಪಕ್ಕದಲ್ಲಿ ಕೂತಿದ್ದ ತಮಿಳು ಹೆಂಗಸಿಗೆ ಮಗಳ ಬಾಣಂತನದ ಸುದ್ದಿಯನ್ನೆಲ್ಲ ಹೇಳಿದಳು. ಆಮೇಲೆ ನನಗೆ.

“ಗಂಡೋ ಹೆಣ್ಣೋ ಕೇಳಿದ್ಯೇನ್ಲಾ?”

“ಇಲ್ಲ.”

“ಅದೇನ್ ಮೇಷ್ಟ್ರಪ್ಪ ನೀನು! ಗಂಡಾದ್ರೆ ನಿಮ್ಮಪ್ಪನ ಹೆಸ್ರು ಇಡ್ಬೇಕು. ಇಲ್ಲಿ ಚಳಿ ನೋಡು, ಬಿಸ್ನೀರು ಹಂಡೆಗಟ್ಲೆ ಕಾಯಿಸ್ಬೇಕು. ಸೌದೆ ಒಣಗಿದ್ದು ಸಿಕ್ತದೋ ಇಲ್ವೋ.”

ಮನೆ ಸೇರುವ ಮೊದಲು ಹೇಳಿಬಿಡಬೇಕು, ಬಾಗಿಲಲ್ಲಿ ನಿಂತು ತಿಳಿಯುವ ಹಾಗೆ ಆಗಬಾರದು ಎಂದು ಗಟ್ಟಿ ಮನಸ್ಸು ಮಾಡಿದೆ. “ಅವ್ವ, ಒಂದ್ ಮಾತು,” ಎಂದೆ.

ಅವ್ವ ನನ್ನ ಮುಖ ನೋಡಿದಳು. “ಹಡ್ಗಿನಲ್ಲಿ ಆದಂಗೇ ಆಯ್ತಾ ಅದೇನ್ಲಾ? ಮಾತಾಡ್ಬ್ಯಾಡ, ಬಾಯ್ ಬುಟ್ರೆ ವಾಂತಿ ಬತ್ತದೆ.” ಸೆರಗಿನ ಗಂಟಿನಿಂದ ಒಂದು ನಿಂಬೆಹಣ್ಣು ತೆಗೆದು ನನ್ನ ಮೂಗಿಗೆ ಹಿಡಿದಳು. ಹಿಡಿದುಕೊಂಡೇ ಇದ್ದಳು. ನಿಂಬೆಯ ವಾಸನೆಗೆ ಕಣ್ಣಲ್ಲಿ ನೀರು ಬಂತು ಎಂದು ಅವಳು ತಿಳಿದಳು. ಇನ್ನೊಂದು ಸಲ ಹೇಳಲು ನೋಡಿದೆ. ಆಗ ಅವಳು ಆ ತಮಿಳು ಹೆಂಗಸಿಗೆ, ನಿಂಗಮ್ಮ ಚಿಕ್ಕವಳಿದ್ದಾಗ ಕೆರೆಗೆ ಬಿದ್ದು ಎಮ್ಮೆಯ ಬಾಲ ಹಿಡಿದು ಮೇಲೆ ಬಂದ ಕತೆ ಹೇಳುತ್ತಿದ್ದಳು. ನಾನು ಕಿಟಕಿಯ ಕಡೆ ತಿರುಗಿದೆ.

ತೋಟ

ಬಸ್ಸು ಒಂದು ತಿರುವಿನಲ್ಲಿ ನಮ್ಮನ್ನು ಇಳಿಸಿತು. ಅಲ್ಲಿಂದ ಮೇಲೆ ಕಾಲುದಾರಿ. ಆಗತಾನೇ ಮಳೆ ಬಂದು ನಿಂತಿತ್ತು, ನೆಲ ಜಾರುತ್ತಿತ್ತು. ಅವ್ವ ಸೀರೆ ಎತ್ತಿ ಕಟ್ಟಿ ಮೆಲ್ಲಗೆ ಹತ್ತಿ ಬರುತ್ತಿದ್ದಳು. ನಾನು ಬೇಕೆಂದೇ ಮುಂದೆ ಹೋದೆ. ಮೊದಲು ಬೋರೇಗೌಡನನ್ನು ಕಾಣಬೇಕು, ಅವ್ವನಿಗೆ ಹೇಗೆ ಹೇಳುವುದೆಂದು ಇಬ್ಬರೂ ಸೇರಿ ಯೋಚಿಸಬೇಕು. ಅವನಾದರೂ ಯಾವ ಸ್ಥಿತಿಯಲ್ಲಿದ್ದಾನೋ.

ಯಂತ್ರದ ಮನೆ ಕಾಣುವ ಮೊದಲೇ ಅದರ ಗುಂಯ್ ಎನ್ನುವ ಸದ್ದು ಕೇಳಿತು. ಶಿವನಸಮುದ್ರದಲ್ಲಿ ಕೇಳುವುದೇ ಅದು, ದನಿ ಮಾತ್ರ ಸಣ್ಣದು. ಬಾಗಿಲಲ್ಲಿ ಬೋರೇಗೌಡ ಎಣ್ಣೆಯ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ನನ್ನನ್ನು ಕಂಡು, “ಬಾವ!” ಎಂದು ಓಡಿ ಬಂದ. ನಾನು ಅವನ ಹೆಗಲ ಮೇಲೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತೆ.

ಅವನು ಬಿಳಿಚಿಕೊಂಡ. “ಯಾಕ್ ಬಾವ? ಅತ್ತೆ ಎಲ್ಲಿ? ಅತ್ತೆಗೇನಾಯ್ತು?”

“ಅವ್ವ ಹಿಂದೆ ಬತ್ತಾವ್ಳೆ. ಅವ್ಳಿಗೆ ಇನ್ನೂ ಗೊತ್ತಿಲ್ಲ.”

“ಏನ್ ಗೊತ್ತಿಲ್ಲ?”

“ನಿಂಗಿ ವಿಷ್ಯ...”

ಬೋರೇಗೌಡ ನನ್ನನ್ನು 'ಇವನಿಗೇನು ಜ್ವರವೋ' ಎನ್ನುವಂತೆ ನೋಡಿದ. ಆಮೇಲೆ ಪಕ್ಕದ ತಗಡಿನ ಮನೆಯ ಕಡೆ ತಿರುಗಿ, “ನಿಂಗೀ, ಬಾಮ್ಮಿ ಈಚೆಗೆ! ನಿಮ್ಮಣ್ಣ ಬಂದವ್ರೆ, ಏನೋ ಅಳ್ತಾವ್ರೆ!” ಎಂದು ಕೂಗಿದ.

ಬಾಗಿಲು ತೆರೆಯಿತು. ತಲೆಗೆ ಬಟ್ಟೆ ಕಟ್ಟಿಕೊಂಡು, ಹೆಗಲ ಮೇಲೆ ಒಂದು ಗುಂಡನೆಯ ಕೂಸು ಹಾಕಿಕೊಂಡು ನನ್ನ ತಂಗಿ ನಿಂತಿದ್ದಳು.

ನಾನು ಹಸಿ ಹುಲ್ಲಿನ ಮೇಲೆ ಕುಳಿತುಬಿಟ್ಟೆ. ನಕ್ಕೆನೋ ಅತ್ತೆನೋ, ಎರಡೂ ಒಟ್ಟಿಗೇ ಬಂತು. ಬದುಕಿದ್ದಾಳೆ. ಸಾಯಲಿಲ್ಲ, ಆಸ್ಪತ್ರೆಯಿಂದ ಹೊರಟಳು, ಅಷ್ಟೆ. ಆ ನರ್ಸಮ್ಮ ಹೇಳಿದ್ದೂ ಅಷ್ಟೆ. ಅಷ್ಟರಲ್ಲಿ ಅವ್ವ ಏದುತ್ತಾ ಹತ್ತಿ ಬಂದು, ನನ್ನ ಕಡೆ ನೋಡದೆಯೇ ಹೋಗಿ ಮಗಳ ಕೆನ್ನೆ ಹಿಡಿದಳು, ಮಗುವನ್ನು ಕಸಿದುಕೊಂಡಳು. “ಗಂಡು ಕಣ್ಲಾ!” ಎಂದು ನನಗೆ ಕೂಗಿ ಹೇಳಿದಳು.

ನಿಂಗಮ್ಮ ಅವ್ವನ ಬೆನ್ನ ಹಿಂದೆ, ನನ್ನ ಹಿಂದೆ, ದಾರಿಯ ಕಡೆ ನೋಡುತ್ತಿದ್ದಳು.

“ಅವ್ವ, ಚಿಕ್ಕದೆಲ್ಲಿ?”

“ಯಾವ ಚಿಕ್ಕದು?”

“ಅದೇ, ಆಸ್ಪತ್ರೇಲಿರೋದು. ನೀವು ಅಲ್ಲಿಗೆ ಹೋಗ್ಲಿಲ್ವಾ?”

ಆಗ ತಿಳಿಯಿತು. ನಿಂಗಮ್ಮನಿಗೆ ಹುಟ್ಟಿದ್ದು ಅವಳಿ ಮಕ್ಕಳು. ಬೋರೇಗೌಡ ಕಾಗದ ಹಾಕಿದ್ದ, ಅದು ಪೂರಿಗಾಲಿಗೆ ಮುಟ್ಟುವಾಗ ನಾವು ಮಂಡಪಂನಲ್ಲಿದ್ದೆವು. ಗಂಡು ಗಟ್ಟಿಯಾಗಿತ್ತು. ಎರಡನೆಯದು ಹೆಣ್ಣು, ತೀರ ಸಣ್ಣದು, ಹಾಲೆಳೆಯುವ ತ್ರಾಣವಿರಲಿಲ್ಲ. ಬೆಟ್ಟದ ಮೇಲಿನ ಚಳಿಗೆ ಅದನ್ನು ಈಗಲೇ ಒಯ್ಯಬೇಡಿ ಎಂದು ಡಾಕ್ಟರು ತಮ್ಮಲ್ಲೇ ಇರಿಸಿಕೊಂಡಿದ್ದರು. ಹಾಸಿಗೆಗಳು ಸಾಲದಿದ್ದುದರಿಂದ ತಾಯಿಯನ್ನೂ ದೊಡ್ಡದನ್ನೂ ಶುಕ್ರವಾರ ಕಳಿಸಿದರು. ಇಂಡಿಯಾದಿಂದ ಅಜ್ಜಿ ಬರುತ್ತಾರೆ, ಚಿಕ್ಕದು ಅಷ್ಟರಲ್ಲಿ ಚೇತರಿಸಿಕೊಂಡಿದ್ದರೆ ಅವರ ಕೈಯಲ್ಲೇ ಕೊಡಿ ಎಂದು ಬೋರೇಗೌಡ ಹೇಳಿ ಬಂದಿದ್ದ.

“ನರ್ಸಮ್ಮ ನಿನ್ನ ಕೇಳ್ಲಿಲ್ವಾ ಅಣ್ಣ, ತಕ್ಕಂಡು ಹೋಯ್ತೀರಾ ಅಂತ?”

“ಕೇಳಿದ್ರು.”

“ನೀನೇನಂದೆ?”

“ಈಗ ಬ್ಯಾಡ ಅಂದೆ.”

ಯಂತ್ರ ಮಾತ್ರ ಗುಂಯ್ ಎನ್ನುತ್ತಿತ್ತು. ಅವ್ವ ಮೆಲ್ಲಗೆ, “ಏನಂದೆ?” ಎಂದು ಇನ್ನೊಮ್ಮೆ ಕೇಳಿದಳು.

ನಿಂಗಮ್ಮ ಅಳತೊಡಗಿದಳು. ಮನೆಯವರು ಬೇಡ ಅಂದ ಕೂಸುಗಳನ್ನು ಅನಾಥಾಲಯಕ್ಕೆ ಕಳಿಸಿಬಿಡುತ್ತಾರೆ ಎಂದು ಪಕ್ಕದ ಮಂಚದವಳು ಯಾರೋ ಅವಳಿಗೆ ಹೇಳಿದ್ದಳಂತೆ. ಹಾಗೆಲ್ಲ ಮಾಡುವುದಿಲ್ಲ ಎಂದು ಬೋರೇಗೌಡ ಹೇಳಿದ. ಅವನ ದನಿಯೂ ಗಟ್ಟಿಯಾಗಿರಲಿಲ್ಲ. ಕೆಳಗೆ ಹೋಗುವ ಕಡೆಯ ಬಸ್ಸು ಆಗಲೇ ಹೋಗಿತ್ತು. ಸಾಲದ್ದಕ್ಕೆ ಹೆಣ್ಣುಮಗಳು, ಬೇಡ ಅಂದಿದ್ದು ಅದಕ್ಕೇ ಎಂದು ನರ್ಸಮ್ಮ ತಿಳಿದರೆ? ಇದು ನನ್ನ ತಲೆಗೆ ಬಂದದ್ದು, ಬಾಯಿ ಬಿಟ್ಟು ಹೇಳಲಿಲ್ಲ.

ಮತ್ತೆ ಕೆಳಕ್ಕೆ

ಬೆಳಗಿನ ಮೊದಲ ಬಸ್ಸಿಗೆ ನಾನೂ ಅವ್ವನೂ ಇಳಿದೆವು. ಯಂತ್ರ ಬಿಟ್ಟು ಬರಲು ಬೋರೇಗೌಡನಿಗೆ ಅಪ್ಪಣೆಯಿರಲಿಲ್ಲ. ಅವ್ವ ಹಳೇ ಸೀರೆಯ ತುಂಡುಗಳನ್ನು ಮಡಿಚಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಹಿಂದಿನ ದಿನ ಅವಳ ಮಾತು ಕೇಳಲಾರದೆ ಒದ್ದಾಡಿದವನು ಈಗ ಅವಳು ಒಂದು ಮಾತಾಡಲಿ ಎಂದು ಕಾಯುತ್ತಿದ್ದೆ.

ಆಸ್ಪತ್ರೆಯ ಮೇಜಿನ ಹಿಂದೆ ಬೇರೆ ನರ್ಸಮ್ಮ ಇದ್ದರು. ಚಿಕ್ಕ ವಯಸ್ಸಿನವರು. “ಗೌಡ ಬೇಬಿ?” ಎಂದು ಕೇಳಿದೆ.

“ಗೌಡ ಬೇಬಿ? ಲೆಫ್ಟ್,” ಅಂದರು.

ಹೋಯಿತು. ಕಳಿಸಿಬಿಟ್ಟರು. ಯಾವ ಅನಾಥಾಲಯ, ಯಾವಾಗ, ಯಾರ ಜೊತೆ ಎಂದು ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳಲು ತಿಣುಕುತ್ತಾ ನಿಂತೆ. ಪಕ್ಕಕ್ಕೆ ನೋಡಿದರೆ ಅವ್ವ ಇಲ್ಲ. ನರ್ಸಮ್ಮ ಮಾತಿನ ಜೊತೆ ಕೈಯನ್ನೂ ಚಾಚಿದ್ದರು. ಅವ್ವ ಆ ಕೈ ತೋರಿಸಿದ ಕಡೆಗೆ, ಎಡಗಡೆಯ ಜಗಲಿಯುದ್ದಕ್ಕೂ, ಆಗಲೇ ಬಿರಬಿರನೆ ಹೋಗುತ್ತಿದ್ದಳು.

ಜಗಲಿಯ ತುದಿಗೆ ಬೆಚ್ಚನೆಯ ಕೋಣೆ. ಹಿಂದಿನ ದಿನದ ನರ್ಸಮ್ಮ ಅಲ್ಲಿದ್ದರು. ತೊಡೆಯ ಮೇಲೆ ಹತ್ತಿಯಲ್ಲಿ ಸುತ್ತಿದ ಕೂಸು. ಮಸಿ ತುಂಬುವ ಫಿಲ್ಲರಿನಂಥದ್ದರಲ್ಲಿ ಅದರ ಬಾಯಿಗೆ ಹನಿ ಹನಿಯಾಗಿ ಹಾಲು ಬಿಡುತ್ತಿದ್ದರು. ನನ್ನನ್ನು ಕಂಡು ಕಣ್ಣು ಮಾತ್ರ ಮೇಲೆತ್ತಿದರು.

“ನೌ?” ಅಂದರು.

“ನೌ, ನೌ,” ಎಂದೆ. ಅದಕ್ಕಿಂತ ಹೆಚ್ಚು ಇಂಗ್ಲಿಷ್ ನನಗೆ ಬರಲಿಲ್ಲ.

ಆಮೇಲೆ ತಡವರಿಸಿಕೊಂಡು ನಡೆದದ್ದನ್ನು ಹೇಳಿದೆ. ಅವರು ಮೊದಲು ಸಿಟ್ಟಿನಲ್ಲೇ ಕೇಳುತ್ತಿದ್ದರು. ಬಟ್ಟೆಗಂಟಿನ ಮಾತು ಬಂದಾಗ ಫಿಲ್ಲರು ಕೆಳಗಿಟ್ಟು ಕೈಯಿಂದ ಬಾಯಿ ಮುಚ್ಚಿಕೊಂಡರು. “ಓ ಯೂ ಪೂರ್ ಮ್ಯಾನ್,” ಎಂದರು. ಆಮೇಲೆ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದರು. ಅವ್ವ ಇದಾವುದಕ್ಕೂ ಕಾಯದೆ ಕೂಸನ್ನು ಎತ್ತಿ, ನೆತ್ತಿ ಮೂಸಿ, ಬೆರಳುಗಳನ್ನು ಬಿಡಿಸಿ ನೋಡಿ, ಹತ್ತಿ ತೆಗೆದು ತನ್ನ ಸೀರೆಯ ತುಂಡಿನಲ್ಲಿ ಸುತ್ತಿದಳು. ಸುತ್ತುವ ರೀತಿಯ ಬಗ್ಗೆ ನರ್ಸಮ್ಮ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅವ್ವ ಕನ್ನಡದಲ್ಲಿ ಉತ್ತರ ಕೊಟ್ಟಳು. ಇಬ್ಬರೂ ತಲೆಯಾಡಿಸಿದರು. ನಡುವೆ ನನ್ನನ್ನು ಯಾರೂ ಕೇಳಲಿಲ್ಲ.

ಬಸ್ಸು ಮತ್ತೆ ಬೆಟ್ಟ ಏರತೊಡಗಿತು. ಬಿಸಿಲು ಬಂದಿತ್ತು. ಅವ್ವ ಸೆರಗಿನೊಳಗೆ ಇಣುಕಿ ನೋಡಿ, ಮಗು ನಿದ್ದೆ ಮಾಡುತ್ತಿದೆ ಎಂದು ಖಾತ್ರಿ ಮಾಡಿಕೊಂಡು, ನನ್ನ ಕಡೆ ತಿರುಗಿದಳು.

“ನೆನ್ನೆ ಇದೇ ಬಸ್ಸಲ್ಲಿ ಬರೋವಾಗ ನೀನು ಏನಂದ್ಕಂಡಿದ್ದೆ? ನಿಜ ಹೇಳ್ಲಾ.”

ಹೇಳಿದೆ. ಎಲ್ಲವನ್ನೂ ಹೇಳಿದೆ.

ಅವ್ವ ಕೂಸಿನ ಮೇಲಿನ ಬಟ್ಟೆ ಸರಿಮಾಡಿದಳು. “ಅಂಗಾರೆ ನಾನು ಹೆಸ್ರು ಇಡೋದು, ನೀರು ಕಾಯ್ಸೋದು ಅಂತ ಬಡ್ಕಂತಿದ್ದಾಗೆಲ್ಲ ನೀನು ಅದ್ನ ಹೊಟ್ಟೇಲಿಟ್ಕಂಡು ಕೂತಿದ್ಯಾ?”

“ಹೂಂ.”

“ಯಾಕ್ಲಾ ಮಗ ಹೇಳ್ಲಿಲ್ಲ?”

“ಹೇಳ್ದೆ ಕಣವ್ವ. ಹೋದ್ಲು ಅಂದೆ. ನೀನು ಮನೇಗೆ ಅಂದ್ಕಂಡೆ.”

“ಮತ್ತಿನ್ನೆಲ್ಲಿಗೆ ಹೋದಾಳು ನನ್ ಮಗ್ಳು?” ಎಂದಳು ಅವ್ವ. ಹೇಳುವಾಗ ಗದರಿದಂತೆಯೇ ಇತ್ತು, ಆದರೆ ಕೊನೆಯಲ್ಲಿ ದನಿ ಒಡೆಯಿತು. ಸೆರಗಿನಿಂದ ಮುಖ ಒರೆಸಿಕೊಂಡು, ಕಿಟಕಿಯಾಚೆ ಒಂದಷ್ಟು ದೂರ ನೋಡಿದಳು. ಆಮೇಲೆ ಆ ಪುಟ್ಟ ಬಟ್ಟೆಯ ಸುರುಳಿಯನ್ನು ನನ್ನ ಕಡೆ ಚಾಚಿದಳು.

“ತಕ್ಕ, ಒಸಿ ಹೊತ್ತು ನೀನೆತ್ಕ. ನಂಗೆ ಕೈ ನೋಯ್ತದೆ.”

ಅಷ್ಟು ಸಣ್ಣ ಮಗುವನ್ನು ನಾನು ಎಂದೂ ಎತ್ತಿಕೊಂಡಿರಲಿಲ್ಲ. ಅಂಗೈ ಒಡ್ಡಿದೆ, ಇಟ್ಟಳು. ಅದರ ಭಾರ ಏನೂ ಇರಲಿಲ್ಲ, ಬಿಸುಪು ಮಾತ್ರ ಇತ್ತು. ಅವಳ ಕೈ ನೋಯುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಬಸ್ಸು ಬೆಟ್ಟ ಏರಿ ಮುಗಿಸುವವರೆಗೂ ಅವಳು ಅದನ್ನು ವಾಪಸು ಕೇಳಲಿಲ್ಲ, ನಾನೂ ಕೊಡಲಿಲ್ಲ.